ಹೆಲೆನಮ್ಮ ಹೊಲಿದ ತಿರುಗದ ಟೈ

ಲುಂಗಿ, ಬನಿಯನ್ನು, ಅದರ ಮೇಲೊಂದು ಕೆನೆಬಣ್ಣದ ರೇಷ್ಮೆ ಟೈ. ಬೆಳಗಿನ ಐದೂಮುಕ್ಕಾಲಿಗೆ ಬೀದರಿನ ಮಂಗಲಪೇಟದ ಓಣಿಯೊಂದರಲ್ಲಿ ಅರವತ್ತೆರಡು ವರ್ಷದ ಮೋಶೆ ಹೀಗೆ ಸಿಂಗಾರಗೊಂಡು ಮನೆಯ ಅಂಗಳದ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಾರೆ. ಕೈಯಲ್ಲಿ ಚಹಾದ ಬಶಿ. ಕುಡಿಯಲು ಅವರು ತಲೆ ಬಗ್ಗಿಸುವಂತಿಲ್ಲ, ಬಶಿಯೇ ಬಾಯಿಯವರೆಗೆ ಏರಿ ಬರಬೇಕು. ಟೈ ಮೇಲೆ ಒಂದು ಹನಿ ಬಿದ್ದರೂ ಇವತ್ತಿನ ನಾಷ್ಟಾಕ್ಕೆ ಸಂಚಕಾರ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಅವರ ಹೆಂಡತಿ ಹೆಲೆನಮ್ಮ ಕೂತಿದ್ದಾರೆ. ವಯಸ್ಸು ಐವತ್ತೈದು. ಮೂಗಿನ ತುದಿಗೆ ಜಾರಿದ ಕನ್ನಡಕ, ಸೆರಗಿಗೆ ಸಿಕ್ಕಿಸಿದ ನಾಲ್ಕು ಗುಂಡುಸೂಜಿ, ಹೆಗಲ ಮೇಲೆ ಅಳತೆ ಟೇಪು. ಗಂಡನ ಎದೆಯ ಮೇಲಿನ ಟೈ ಬಿಟ್ಟು ಅವರ ಕಣ್ಣು ಅತ್ತಿತ್ತ ಸರಿಯುವುದಿಲ್ಲ. "ಏಳ್ರಿ" ಎನ್ನುತ್ತಾರೆ, ಮೋಶೆ ಏಳುತ್ತಾರೆ. "ಹಾಡ್ರಿ" ಎನ್ನುತ್ತಾರೆ, ಮೋಶೆ ಗಂಟಲು ಸರಿಮಾಡಿಕೊಂಡು ಒಂದು ಕೀರ್ತನೆಯ ಎರಡು ಚರಣ ಹಾಡುತ್ತಾರೆ. ಆಮೇಲೆ ಕೂಡಬೇಕು, ಮತ್ತೆ ಏಳಬೇಕು, ಕಡೆಗೆ ಮಣ್ಣಿನ ನೆಲದ ಮೇಲೆ ಹಾಸಿದ ಗೋಣಿಚೀಲಕ್ಕೆ ಮೊಣಕಾಲೂರಬೇಕು. ಚರ್ಚಿನಲ್ಲಿ ಮದುಮಗ ಒಂದೂವರೆ ತಾಸು ಏನೇನು ಮಾಡುತ್ತಾನೋ ಅದನ್ನೆಲ್ಲ ಮೋಶೆ ಬನಿಯನ್ ಮೇಲೆಯೇ ಮಾಡಿ ಮುಗಿಸುತ್ತಾರೆ. ಪ್ರಸಂಗವನ್ನಾದರೂ, ಅಂದರೆ ಉಪದೇಶದ ಹೊತ್ತನ್ನಾದರೂ, ಸ್ವಲ್ಪ ಸಣ್ಣದು ಮಾಡೋಣವೇ ಎಂದು ಅವರು ಕೇಳಿದ್ದಕ್ಕೆ, ಪಾಸ್ಟರ್ ಅವರು ಸಣ್ಣದು ಮಾಡುತ್ತಾರೇನು ಎಂಬ ಉತ್ತರ ಬಂದಿದೆ. ಹಾಗಾಗಿ ಇಪ್ಪತ್ತೈದು ನಿಮಿಷ ಸುಮ್ಮನೆ ಕೂತಿದ್ದಾರೆ.

ಈ ಟೈ ನಾಳೆ ಭಾಲ್ಕಿಯಲ್ಲಿ ಮದುವೆಯಾಗಲಿರುವ ಅಮಿತಕುಮಾರನದು. ಮದುವೆ ಮುಗಿಯುವವರೆಗೂ ಅದು ಅವನ ಎದೆಯ ಮೇಲೆ ನೆಟ್ಟಗೆ ನಿಲ್ಲಬೇಕು, ಕೂದಲೆಳೆಯಷ್ಟೂ ತಿರುಗಬಾರದು. ಮದುವೆಯ ಟೈ ನೆಟ್ಟಗಿರಬೇಕೆಂಬುದು ಯಾರಾದರೂ ಬಯಸುವುದೇ. ಆದರೆ ಹೆಲೆನಮ್ಮನ ಆತಂಕಕ್ಕೆ ಬೇರೆ ಕಾರಣವಿದೆ. ಇಪ್ಪತ್ತಾರು ವರ್ಷದ ಹಿಂದೆ ಇದೇ ಹುಡುಗನ ತಂದೆಯ ಮದುವೆಯ ಟೈ ಹೊಲಿದವರೂ ಇವರೇ. ಆ ಟೈ ತಿರುಗಿತ್ತು.

ಬೀದರ ಜಿಲ್ಲೆಯಲ್ಲಿ ಟೈ ಹೊಲಿಯುವವರು ಇದ್ದಾರೆಯೇ ಎಂದು ಕೇಳಿದರೆ ಹೆಚ್ಚಿನವರು ನಗುತ್ತಾರೆ. ಟೈ ಎಲ್ಲೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಮಲಗಿ, ಅಂಗಡಿಯ ಗಾಜಿನ ಕಪಾಟಿಗೆ ಬರುವ ವಸ್ತು ಎಂದೇ ನಂಬಿಕೆ. ಆ ಕಪಾಟಿನೊಳಗಿನ ಅರ್ಧ ಟೈಗಳು ಮಂಗಲಪೇಟದ ಈ ಅಂಗಳದಲ್ಲಿ ಮೋಶೆಯ ಕೊರಳು ಸುತ್ತಿ ಹೋದಂಥವು. ಅಂಗಡಿಯವರು ಹಿಂಬದಿಗೆ ದೂರದ ದೊಡ್ಡ ಊರಿನ ಹೆಸರಿರುವ ಲೇಬಲ್ ಅಂಟಿಸುತ್ತಾರೆ, ಗಿರಾಕಿಗಳು ಅದನ್ನು ಓದಿ ತಲೆದೂಗುತ್ತಾರೆ. ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ಖಾಕಿ ಅಂಗಿ ತೊಟ್ಟು ದುಡಿದ ಮೋಶೆ ನೌಕರಿಯಲ್ಲಿದ್ದಾಗ ಒಂದು ದಿನವೂ ಟೈ ಕಟ್ಟಿದವರಲ್ಲ. ಈಗ ಜಿಲ್ಲೆಯಲ್ಲಿ ಅವರಷ್ಟು ಟೈ ಕಂಡ ಕೊರಳು ಇನ್ನೊಂದಿರಲಾರದು.

ಬೆಳಗಿನ ಹೊತ್ತೇ ಯಾಕೆ ಎಂದರೆ, ಹೆಲೆನಮ್ಮನಿಗೆ ಬಲ್ಬಿನ ಬೆಳಕಿನ ಮೇಲೆ ನಂಬಿಕೆಯಿಲ್ಲ. ಬಲ್ಬಿನ ಕೆಳಗೆ ಮರೂನ್ ಅನ್ನಿಸಿದ್ದು ಹೊರಗೆ ಬಂದರೆ ಕಂದು, ಕಪ್ಪು ಅನ್ನಿಸಿದ್ದು ನೇವಿ ಬ್ಲೂ. ಸೂರ್ಯ ಓಣಿಯ ಮೇಲೆ ಬರುವ ಮೊದಲಿನ ತಂಪು ಬೆಳಕಿನಲ್ಲಿ ಬಣ್ಣ ತನ್ನ ನಿಜವಾದ ಮುಖ ತೋರಿಸುತ್ತದೆಂದು ಅವರು ನಂಬಿದ್ದಾರೆ. ಬಟ್ಟೆ ಆರಿಸುವುದು, ದಾರ ಹೊಂದಿಸುವುದು, ಮುಗಿದ ಟೈ ಪರೀಕ್ಷಿಸುವುದು ಎಲ್ಲ ಆರೂವರೆಯೊಳಗೆ. ಪರೀಕ್ಷೆ ಇಷ್ಟು ಉದ್ದವಾದದ್ದು ಇವತ್ತು ಮಾತ್ರ.

ಹೆಲೆನಮ್ಮ ಜನವಾಡದವರು. ಹದಿನೇಳನೇ ವಯಸ್ಸಿನಲ್ಲಿ ತಾಯಿಯ ಜೊತೆ ಬಸ್ಸು ಹತ್ತಿ ಬೀದರಿಗೆ ಬಂದು, ಚೌಬಾರದ ಹತ್ತಿರ ಕೋಟು ಶೇರ್ವಾನಿ ಹೊಲಿಯುತ್ತಿದ್ದ ಉಸ್ಮಾನ ಮಿಯಾ ಅವರ ಅಂಗಡಿಯ ಮುಂದೆ ನಿಂತರು. ಗಂಡಸರೇ ತುಂಬಿದ ಅಂಗಡಿ. ಒಳಗೆ ಕೂಡಿಸಲಾಗದು ಎಂದ ಉಸ್ಮಾನ ಮಿಯಾ, ಗುಂಡಿಗೆ ಕಾಜಾ ಹಾಕುವ ಕೆಲಸವಿದ್ದ ಎರಡು ಕೋಟು ಗಂಟು ಕಟ್ಟಿ ಕೊಟ್ಟು ಮನೆಗೆ ಕಳಿಸಿದರು. ಮರುದಿನ ಆ ಕಾಜಾಗಳನ್ನು ಬೆರಳಿನಿಂದ ಮುಟ್ಟಿ ನೋಡಿದವರೇ, ಅಂಗಡಿಯ ಹಿಂದಿನ ತಮ್ಮ ಮನೆಯ ಪಡಸಾಲೆಯಲ್ಲಿ ಹೆಂಡತಿಯ ಪಕ್ಕ ಒಂದು ಚಾಪೆ ಹಾಸಿಕೊಟ್ಟರು. ಆ ಚಾಪೆಯ ಮೇಲೆ ಹೆಲೆನಮ್ಮ ಹನ್ನೆರಡು ವರ್ಷ ಕೂತರು.

ಟೈ ಅವರ ಕೈಗೆ ಬಂದದ್ದು ಅಲ್ಲಿಯೇ. ಯಾರೋ ಡಾಕ್ಟರ ಹಳೆಯ ಟೈಯೊಂದು ದುರಸ್ತಿಗೆ ಬಂದಿತ್ತು. ಬಿಚ್ಚಿ ನೋಡು, ಬಿಚ್ಚಿದ್ದನ್ನು ಹಾಗೆಯೇ ಮುಚ್ಚು ಎಂದು ಉಸ್ಮಾನ ಮಿಯಾ ಕೊಟ್ಟರು. ಬೆನ್ನಿನ ಹೊಲಿಗೆಯ ತುದಿಯಲ್ಲಿ ಒಂದು ಇಂಚು ದಾರ ಸಡಿಲವಾಗಿ ಕಣ್ಣಿಯಂತೆ ಜೋತಿತ್ತು. ಹೊಲಿದವನು ಮರೆತು ಬಿಟ್ಟಿದ್ದಾನೆ ಎಂದುಕೊಂಡ ಹುಡುಗಿ ಅದನ್ನು ಕಚಕ್ಕನೆ ಕತ್ತರಿಸಿದಳು. ಟೈಯನ್ನು ಒಮ್ಮೆ ಎಳೆದದ್ದೇ ತಡ, ಇಡೀ ಹೊಲಿಗೆ ಈ ತುದಿಯಿಂದ ಆ ತುದಿಯವರೆಗೆ ಸರ್ರನೆ ಬಿಚ್ಚಿಕೊಂಡಿತು. ಟೈ ದಿನವೂ ಗಂಟು ಬೀಳುವ, ಗಂಟು ಬಿಚ್ಚುವ, ಎಳೆಸಿಕೊಳ್ಳುವ ವಸ್ತು. ಎಳೆದಾಗ ದಾರ ಹರಿಯದಂತೆ ಒಳಗೊಂದಿಷ್ಟು ಸಡಿಲ ಬೇಕು. ಆ ಕಣ್ಣಿ ಇರುವುದು ಅದಕ್ಕೇ. ಅಂದಿನಿಂದ ಹೆಲೆನಮ್ಮ ತಾವು ಹೊಲಿಯುವ ಪ್ರತಿ ಟೈಯ ಹೊಟ್ಟೆಯೊಳಗೆ ಒಂದು ಕಣ್ಣಿ ಬಿಡುತ್ತಾರೆ, ಅದೂ ಕೆಂಪು ದಾರದಲ್ಲಿ. ಹೊರಗೆ ಯಾವ ಊರಿನ ಲೇಬಲ್ಲೇ ಇರಲಿ, ಅಗಲದ ತುದಿಯನ್ನು ತುಸು ಬಿಡಿಸಿ ಒಳಗೆ ಇಣುಕಿದರೆ ಟೈ ಯಾರದೆಂದು ತಿಳಿಯುತ್ತದೆ. ಇಣುಕುವವರು ಮಾತ್ರ ಯಾರೂ ಇಲ್ಲ.

ಮೇ, ಜೂನ್ ತಿಂಗಳು ಶಾಲೆಗಳ ಕಾಲ. ಎಲಾಸ್ಟಿಕ್ ಹಾಕಿದ ಪುಟ್ಟ ಟೈಗಳು ದಿನಕ್ಕೆ ನಲವತ್ತು. ಪಟ್ಟಿ ಎಡ ಹೆಗಲಿನಿಂದ ಇಳಿದರೆ ಔರಾದಿನ ಒಂದು ಶಾಲೆ, ಬಲದಿಂದ ಇಳಿದರೆ ಭಾಲ್ಕಿಯ ಇನ್ನೊಂದು. ಎರಡರದೂ ಅದೇ ಮರೂನ್, ಅದೇ ಹಳದಿ. ಪ್ರತಿ ಟೈಯ ತುದಿಗೆ ಶಾಲೆಯ ಲಾಂಛನದ ಬಿಲ್ಲೆಯನ್ನು ಕೈಯಿಂದ ಹಚ್ಚಬೇಕು. ಉಳಿದ ತಿಂಗಳುಗಳಲ್ಲಿ ದೊಡ್ಡವರ ಟೈ, ದಿನಕ್ಕೆ ನಾಲ್ಕು. ಒಂದಕ್ಕೆ ಕತ್ತರಿಯಿಂದ ಇಸ್ತ್ರಿಯವರೆಗೆ ಎರಡು ತಾಸು ಬೇಕು. ಬೆನ್ನಿನ ಹೊಲಿಗೆಗೆ ಯಂತ್ರ ಮುಟ್ಟಿಸುವುದಿಲ್ಲ. ಸೂಜಿ ನೂರಾ ಇಪ್ಪತ್ತು ಸಲ ಒಳಗೂ ಹೊರಗೂ ಆಡುತ್ತದೆ. ಉದ್ದ ಐವತ್ತೆಂಟು ಇಂಚು, ತುದಿ ಬೆಲ್ಟಿನ ಬಕ್ಕಲ್ ಮುಟ್ಟಬೇಕು. ಹೊಟ್ಟೆ ಇರುವ ಗಿರಾಕಿಗಳಿಗೆ ಅರವತ್ತೆರಡು. ಹೊಟ್ಟೆಯ ವಿಷಯ ಯಾರೂ ತಾವಾಗಿ ಹೇಳುವುದಿಲ್ಲವಾದ್ದರಿಂದ ಹೆಲೆನಮ್ಮ ಕಣ್ಣಿನಲ್ಲೇ ಅಳೆದುಕೊಳ್ಳುತ್ತಾರೆ.

ಹೊಲಿಗೆಯ ಕೋಣೆಯ ಗೋಡೆಯಲ್ಲಿ ಸಾಲಾಗಿ ಹದಿನಾಲ್ಕು ಮೊಳೆ, ಒಂದೊಂದಕ್ಕೂ ಒಂದು ರಟ್ಟಿನ ನಮೂನೆ. ಎಡತುದಿಯದು ನಾಲ್ಕು ಇಂಚು ಅಗಲ. ದೊಡ್ಡ ದೊಡ್ಡ ಹೂವಿನ ಪಾಲಿಯೆಸ್ಟರ್ ಟೈಗಳ ಕಾಲದ್ದು. ಆಮೇಲೆ ಮಾವಿನಕಾಯಿ ಬುಟ್ಟಾದ ಮೂರೂವರೆ ಇಂಚು. ಅದರ ನಂತರ ಎಲ್ಲರಿಗೂ ಹೊಳೆಯುವ ಸ್ಯಾಟಿನ್ ಹುಚ್ಚು ಹಿಡಿಯಿತು. ಮದುಮಗನಿಗಿಂತ ಮೊದಲು ಅವನ ಟೈ ಕಾಣುತ್ತಿತ್ತು. ಮುಂದೆ ಅಗಲ ಇಳಿಯುತ್ತ ಇಳಿಯುತ್ತ ಎರಡೇ ಇಂಚಿಗೆ ಬಂದಾಗ, ಇದನ್ನು ಜಡೆಗೆ ಕಟ್ಟುವುದೋ ಕೊರಳಿಗೋ ಎಂದು ಮೋಶೆ ಕೇಳಿದ್ದುಂಟು. ಈಗ ಮತ್ತೆ ಮೂರು ಇಂಚಿನ ಕಾಲ ಬಂದಿದೆ, ಹೊಳಪು ಹೋಗಿದೆ. ಪಿಸ್ತಾ, ಲ್ಯಾವೆಂಡರ್, ಮಾಸಿದ ಗುಲಾಬಿಯಂಥ ತಿಳಿ ಬಣ್ಣಗಳನ್ನು ಹುಡುಗರು ಮೊಬೈಲಿನಲ್ಲಿ ತೋರಿಸಿ ಕೇಳುತ್ತಾರೆ. ಅಗಲ ಎಷ್ಟಿರಬೇಕೆಂದು ಮೊಬೈಲು ಹೇಳಬಾರದು, ಕೋಟಿನ ಕಾಲರ್ ಹೇಳಬೇಕು ಎಂಬುದು ಹೆಲೆನಮ್ಮನ ಕಾನೂನು. ಎದೆಯ ಮೇಲೆ ಕಾಲರ್ ಎಷ್ಟು ಅಗಲವೋ ಟೈಯೂ ಅಷ್ಟೇ ಅಗಲ.

"ಫ್ಯಾಷನ್ ಎಲ್ಲೂ ಹೋಗಂಗಿಲ್ರಿ" ಎನ್ನುತ್ತಾರೆ ಅವರು ಮೊಳೆಗಳ ಕಡೆ ಕೈ ತೋರಿಸಿ. "ಈ ಮೊಳಿಯಿಂದ ಆ ಮೊಳಿಗಿ ಹೋಗ್ತದ, ಮತ್ತ ಹೊಳ್ಳಿ ಬರ್ತದ. ಅದಕ್ಕ ನಾ ಒಂದೂ ರಟ್ಟು ಒಗದಿಲ್ಲ."

ಬಣ್ಣಗಳಿಗೆ ಅವರು ಇಟ್ಟಿರುವ ಹೆಸರುಗಳು ಯಾವ ಅಂಗಡಿಯ ಪಟ್ಟಿಯಲ್ಲೂ ಸಿಗುವುದಿಲ್ಲ. ತೊಗರಿ ಹೂವಿನ ಹಳದಿ, ಕುಸುಬಿ ಹೂವಿನ ಕೇಸರಿ, ಕೋಟೆ ಕಲ್ಲಿನ ಕೆಂಪು, ಬಿದರಿ ಹೂಜಿಯ ಕಪ್ಪು. ಇವುಗಳ ಜೊತೆಗೆ ‘ಔರಾದ ರೋಡ್’ ಎಂಬ ಬಣ್ಣವೂ ಒಂದಿದೆ. ಬೂದಿಗೂ ಮಣ್ಣಿಗೂ ನಡುವಿನ ಈ ಬಣ್ಣ ಹುಟ್ಟಿದ್ದು ದತ್ತಾತ್ರಿಯಿಂದಾಗಿ. ಔರಾದ ತಾಲ್ಲೂಕಿನ ಡಾಬಕಾದ ದತ್ತಾತ್ರಿ ಔಷಧ ಕಂಪನಿಯೊಂದರ ಪ್ರತಿನಿಧಿ. ಬೀದರ, ಭಾಲ್ಕಿ, ಔರಾದ ಎಂದು ದಿನವಿಡೀ ಬೈಕಿನ ಮೇಲೆ. ದವಾಖಾನೆಯ ಮುಂದೆ ಬೈಕಿನ ಕನ್ನಡಿ ನೋಡಿಕೊಂಡು ಟೈ ಕಟ್ಟುತ್ತಾರೆ, ಹೊರಗೆ ಬಂದು ಬಿಚ್ಚಿ ಜೇಬಿಗಿಡುತ್ತಾರೆ. ಧೂಳು ಕಾಣದ ಬಣ್ಣ ಬೇಕೆಂದು ಅವರು ಕೇಳಿದಾಗ, ರಸ್ತೆಯ ಧೂಳನ್ನೇ ಒಂದು ಚೀಟಿಯಲ್ಲಿ ತಂದು ಕೊಡು ಎಂದು ಹೆಲೆನಮ್ಮ ಹೇಳಿದರಂತೆ. ತಂದೂ ಕೊಟ್ಟರು. ಅದರ ಪಕ್ಕ ಇಟ್ಟು ಬಟ್ಟೆ ಆರಿಸಿದ್ದಾಯಿತು.

"ಮೊದ್ಲ ಅಂಗಡಿ ಟೈ ಕಟ್ತಿದ್ದೆ ನೋಡ್ರಿ. ಹದಿನೈದು ದಿನಕ್ಕ ತಿರುಗಿ ಸುರುಳಿ ಆಗ್ತಿತ್ತು" ಎನ್ನುತ್ತಾರೆ ದತ್ತಾತ್ರಿ. "ಡಾಕ್ಟ್ರು ನನ್ನ ಮಾತ ಕೇಳೂದು ಬಿಟ್ಟು ಟೈ ನೋಡ್ತಿದ್ರು. ಹೆಲೆನ ಆಂಟಿ ಟೈ ಕಟ್ಟಿದ ಮ್ಯಾಲ ಔಷಧದ ಬಗ್ಗೆ ಮಾತಾಡ್ಲಾಕ ಸುರು ಆಯ್ತು." ಊರಲ್ಲಿ ಕುರಿ ಸಾಕುವ ಅವರ ತಂದೆ ಮೊದಮೊದಲು, ಇದನ್ನು ಕಟ್ಟಿ ನಿನ್ನನ್ನು ಯಾವ ಗೂಟಕ್ಕೆ ಬಿಗಿಯುತ್ತಾರೆ ಎಂದು ಕಿಚಾಯಿಸುತ್ತಿದ್ದರಂತೆ. ಈಗ ಮಗ ಹೊರಟಾಗ ಟೈ ಜೇಬಿನಲ್ಲಿದೆಯೋ ಇಲ್ಲವೋ ಎಂದು ಅವರೇ ನೋಡುತ್ತಾರೆ.

ಹೆಲೆನಮ್ಮನ ಟೈ ತಿರುಗದಿರುವುದಕ್ಕೆ ಕಾರಣ ಉರೇಬ್. ಬಟ್ಟೆಯನ್ನು ಅದರ ನೂಲಿನ ನೇರಕ್ಕೆ ಕತ್ತರಿಸದೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸುವುದಕ್ಕೆ ಈ ಭಾಗದ ದರ್ಜಿಗಳು ಹೇಳುವ ಮಾತು ಅದು. ಉರೇಬ್ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ತನ್ನ ಜಾಗಕ್ಕೆ ಮರಳುತ್ತದೆ, ನೆಟ್ಟಗೆ ತೂಗುತ್ತದೆ. ನೇರಕ್ಕೆ ಕತ್ತರಿಸಿದರೆ ಬಟ್ಟೆ ಉಳಿಯುತ್ತದೆ, ಆದರೆ ಟೈ ಗಂಟು ಬಿದ್ದೊಡನೆ ಮುನಿಸಿಕೊಂಡು ಮಗ್ಗುಲಾಗುತ್ತದೆ. ಉಸ್ಮಾನ ಮಿಯಾ ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಹೆಲೆನಮ್ಮ ಒಂದೇ ಒಂದು ಸಲ ಆ ಮಾತು ಮುರಿದರು.

ಈ ಕಡೆಯ ಕೆಲವು ಚರ್ಚಿನ ಕುಟುಂಬಗಳಲ್ಲಿ ಒಂದು ರೂಢಿಯಿದೆ. ಮದುಮಗಳ ಕೆನೆಬಣ್ಣದ ಸೀರೆಯ ಜೊತೆ ಬರುವ ಬ್ಲೌಸ್ ಪೀಸಿನಲ್ಲೇ ಮದುಮಗನ ಟೈಗೂ ಬಟ್ಟೆ ತೆಗೆಯಬೇಕು. ಇಬ್ಬರೂ ಒಂದೇ ನೇಯ್ಗೆಯ ಬಟ್ಟೆಯಲ್ಲಿ ದೇವರ ಮುಂದೆ ನಿಲ್ಲಬೇಕೆಂಬುದು ಆಸೆ. ಟೈಗೆ ಬಟ್ಟೆ ಉಳಿಯಲಿ ಎಂದು ಹುಡುಗಿಯರು ಬ್ಲೌಸಿನ ತೋಳನ್ನೇ ಗಿಡ್ಡ ಮಾಡಿಸಿಕೊಳ್ಳುತ್ತಾರೆ. ಇಪ್ಪತ್ತಾರು ವರ್ಷದ ಹಿಂದೆ ಬೀದರಿನ ನರ್ಸ್ ಜಾಯ್ಸ್ ಅವರ ಮದುವೆ ಭಾಲ್ಕಿಯ ಆಲ್ವಿನ ಜೊತೆ ಗೊತ್ತಾಯಿತು. ಆಲ್ವಿನ ಆಗಷ್ಟೇ ಖಟಕ ಚಿಂಚೋಳಿಯಲ್ಲಿ ಮಾಸ್ತರಿಕೆಗೆ ಸೇರಿದ್ದರು. ಜಾಯ್ಸ್ ಸೀರೆಯ ಅಂಚಿನಲ್ಲಿ ಜರಿಯ ನವಿಲುಗಳು ಸಾಲಾಗಿ ನಿಂತಿದ್ದವು. ಅವು ಟೈಯ ಮೇಲೂ ಬರಬೇಕು, ಬಂದರೆ ನೆಟ್ಟಗೆ ನಿಂತಿರಬೇಕು ಎಂದು ಜಾಯ್ಸ್ ತಾಯಿ ಸತ್ಯಮ್ಮ ಹಟ ಹಿಡಿದರು.

ಉರೇಬ್ ಕತ್ತರಿಸಿದರೆ ನವಿಲುಗಳೆಲ್ಲ ಓರೆಯಾಗಿ, ಕುಡಿದು ಬೀಳುತ್ತಿರುವಂತೆ ಕಾಣುತ್ತವೆ. ಮದುವೆಗೆ ಎರಡೇ ದಿನ ಉಳಿದಿತ್ತು. ಕೇಳೋಣವೆಂದರೆ ಉಸ್ಮಾನ ಮಿಯಾ ಕಣ್ಣಿನ ಆಪರೇಷನ್ನಿಗೆ ಹೈದರಾಬಾದಿಗೆ ಹೋಗಿದ್ದರು. ಇಪ್ಪತ್ತೊಂಬತ್ತರ ಹೆಲೆನಮ್ಮ ಸತ್ಯಮ್ಮನ ಮುಖ ನೋಡಿ, ಕಣ್ಣು ಮುಚ್ಚಿ, ಬಟ್ಟೆಯನ್ನು ನೇರಕ್ಕೆ ಕತ್ತರಿಸಿಬಿಟ್ಟರು. ಟೈ ಹೊಲಿದು ಮುಗಿದಾಗ ನವಿಲುಗಳು ಸಿಪಾಯಿಗಳಂತೆ ನಿಂತಿದ್ದವು. ಸತ್ಯಮ್ಮನಿಗೆ ಆನಂದವೋ ಆನಂದ.

ಮದುವೆಯ ದಿನ ಹೆಲೆನಮ್ಮ ಹೆಂಗಸರ ಕಡೆ ನಾಲ್ಕನೇ ಬೆಂಚಿನಲ್ಲಿದ್ದರು. ಮೊದಲ ಕೀರ್ತನೆ ಮುಗಿಯುವಷ್ಟರಲ್ಲಿ ಟೈ ಮೆಲ್ಲಗೆ ಮಗ್ಗುಲಾಯಿತು. ಪ್ರಾರ್ಥನೆಗೆ ಎದ್ದಾಗ ನವಿಲುಗಳು ಗೋಡೆಯ ಕಡೆ ಮುಖ ಮಾಡಿ, ಒಳಗಿನ ಕೆಂಪು ಅಸ್ತರ್ ಜನರ ಕಡೆ ನೋಡತೊಡಗಿತು. ಆಲ್ವಿನ ಒಮ್ಮೆ ಸರಿಪಡಿಸಿದರು, ಅದು ಮತ್ತೆ ತಿರುಗಿತು. ಆಮೇಲೆ ಅವರು ಬಲಗೈಯನ್ನು ಎದೆಯ ಮೇಲೆ ಒತ್ತಿ ಇಟ್ಟವರು ತೆಗೆಯಲೇ ಇಲ್ಲ. ಉಂಗುರ ತೊಡಿಸುವಾಗ ಮಾತ್ರ ಎಡಗೈಗೆ ಬದಲಿ ಡ್ಯೂಟಿ ಕೊಟ್ಟರು. ಎದೆಯ ಮೇಲೆ ಕೈಯಿಟ್ಟು ವಾಗ್ದಾನ ಮಾಡಿದ ಈ ಯುವಕನ ಭಕ್ತಿಯನ್ನು ಪಾಸ್ಟರ್ ಎಲ್ಲರೆದುರು ಹೊಗಳಿದರು. ಮದುವೆಯ ಫೋಟೋದಲ್ಲೂ ಅದೇ ಭಂಗಿ. ಆ ಫೋಟೋ ಇವತ್ತಿಗೂ ಅವರ ಮನೆಯ ಪಡಸಾಲೆಯಲ್ಲಿದೆ. ಅದರ ಫಲವಾಗಿ ಭಾಲ್ಕಿಯ ಪರಿಚಿತರಲ್ಲಿ ಯಾರ ಮನೆಯಲ್ಲಿ ಪ್ರಾರ್ಥನೆಯಿದ್ದರೂ ಆಲ್ವಿನ ಸರ್ ಅವರನ್ನೇ ಮುಂದೆ ನಿಲ್ಲಿಸುತ್ತಾರೆ.

ಆ ಕೈ ಭಕ್ತಿಯದಲ್ಲ, ಟೈಯದು ಎಂಬುದು ಅಂದು ಚರ್ಚಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಮದುವೆಯಾದ ವಾರಕ್ಕೆ ಆಲ್ವಿನ ಬೀದರಿಗೆ ಬಂದಾಗ ಹೆಲೆನಮ್ಮನ ಮನೆಗೆ ಬಂದು, "ಭಾಳ ಛಲೋ ಆಗಿತ್ರಿ ಅಕ್ಕ" ಎಂದಷ್ಟೇ ಹೇಳಿ ಚಹಾ ಕುಡಿದು ಹೋದರು. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಹೆಲೆನಮ್ಮ. ಆಲ್ವಿನ ಈ ಮಾತನ್ನು ಹೆಂಡತಿಗೂ ಹೇಳಲಿಲ್ಲ. ಆಗಷ್ಟೇ ಹೆಸರು ಮಾಡುತ್ತಿದ್ದ ಹೊಲಿಗೆಯ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಬೀಳಬಾರದೆಂದು. ತಾವು ಮಾತ್ರ ಮತ್ತೆಂದೂ ಟೈ ಕಟ್ಟಲಿಲ್ಲ. ಈಗ ಇದನ್ನು ಪತ್ರಿಕೆಯಲ್ಲಿ ಬರೆಯಲು ಅವರೇ ನಗುತ್ತ ಒಪ್ಪಿಗೆ ಕೊಟ್ಟಿದ್ದಾರೆ. ಪ್ರಾರ್ಥನೆಯ ಸರದಿ ಇನ್ನು ಮುಂದೆ ಬೇರೆಯವರಿಗೂ ಸಿಗಲಿ ಎಂಬುದು ಅವರ ವಾದ.

ಮೂರು ವಾರದ ಹಿಂದೆ ಜಾಯ್ಸ್ ಮಂಗಲಪೇಟಕ್ಕೆ ಬಂದರು. ಮಗನ ಮದುವೆ ಔರಾದಿನ ಮನಿಷಾಳ ಜೊತೆ ನಿಶ್ಚಯವಾಗಿದೆ. ಅತ್ತೆಯ ಸೀರೆ ನೋಡಿ ಮೆಚ್ಚಿದ ಹುಡುಗಿ ಅಂಥದೇ ಕೆನೆಬಣ್ಣದ, ಅಂಥದೇ ನವಿಲಂಚಿನ ಸೀರೆ ಹುಡುಕಿ ತಂದಿದ್ದಾಳೆ, ತೋಳು ಗಿಡ್ಡ ಮಾಡಿಸಿ ಬಟ್ಟೆ ಉಳಿಸಿದ್ದಾಳೆ. ನವಿಲು ನೆಟ್ಟಗೆ ನಿಲ್ಲಬೇಕು ಎಂಬ ಬೇಡಿಕೆಯೂ ಅದೇ. ಹೆಲೆನಮ್ಮ ಬಟ್ಟೆಯ ಗಂಟನ್ನು ಜಾಯ್ಸ್ ಕಡೆಗೇ ಸರಿಸಿದರು. ಹೈದರಾಬಾದಿನಲ್ಲಿ ಮಾಡಿಸಿ, ನನಗೆ ಕಣ್ಣು ಮೊದಲಿನಂತಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದರು.

"ಇಲ್ಲರಿ ಅಕ್ಕ, ನೀವೇ ಹೊಲೀಬೇಕು" ಎಂದರು ಜಾಯ್ಸ್. "ಅವ್ರಪ್ಪ ಹೇಳಿ ಕಳಿಸ್ಯಾರ. ಹೆಲೆನಕ್ಕನ ಕೈಲೇ ಆಗಬೇಕು ಅಂದಾರ."

ಜಾಯ್ಸ್‌ಗೆ ಅರ್ಥವಾಗದ ಆ ಮಾತು ಹೆಲೆನಮ್ಮನಿಗೆ ಅರ್ಥವಾಯಿತು. ಆಲ್ವಿನ ತಮಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಬಟ್ಟೆಯಿರುವುದು ಒಂದೇ ತುಂಡು, ಕತ್ತರಿ ತಪ್ಪಿದರೆ ಇನ್ನೊಂದಿಲ್ಲ. ಎಂಟು ದಿನ ಅದನ್ನು ಮುಟ್ಟದೆ ಟ್ರಂಕಿನಲ್ಲಿ ಇಟ್ಟರು. ಗಂಡನ ಹಳೆಯ ಲುಂಗಿಯ ಮೇಲೆ ಹೇಗೆಲ್ಲ ಕತ್ತರಿಸಿ ನೋಡಿದರೂ ಲೆಕ್ಕ ಕೂಡಲಿಲ್ಲ. ಟೈ ನಿಂತರೆ ನವಿಲು ಬೀಳುತ್ತದೆ, ನವಿಲು ನಿಂತರೆ ಟೈ ತಿರುಗುತ್ತದೆ.

ಒಂಬತ್ತನೇ ದಿನ ಬೆಳಿಗ್ಗೆ ಔರಾದಿನ ಶಾಲೆಯ ಟೈಗಳಿಗೆ ಬಿಲ್ಲೆ ಹಚ್ಚುತ್ತ ಕೂತಿದ್ದರು. ಮೂವತ್ತಮೂರನೆಯದೋ ಮೂವತ್ತನಾಲ್ಕನೆಯದೋ ಹಚ್ಚುವಾಗ ಕೈ ನಿಂತಿತು. ಟೈ ಉರೇಬ್, ಬಿಲ್ಲೆ ನೆಟ್ಟಗೆ. ಈ ಕೆಲಸವನ್ನು ಅವರು ವರ್ಷ ವರ್ಷವೂ ಸಾವಿರ ಸಲ ಮಾಡಿದ್ದಾರೆ. ಬ್ಲೌಸ್ ಪೀಸಿನಲ್ಲಿ ಉಳಿದ ಬಟ್ಟೆಯ ಮೈಯನ್ನು ಉರೇಬ್ ಕತ್ತರಿಸಿ ಟೈ ಮಾಡುವುದು, ಅಂಚಿನಿಂದ ಒಂದೇ ಒಂದು ನವಿಲನ್ನು ಬಿಡಿಸಿ, ತುದಿಯಿಂದ ಮೂರು ಇಂಚು ಮೇಲೆ, ಬಿಲ್ಲೆಯಂತೆ ಸಡಿಲ ಹೊಲಿಗೆಯಲ್ಲಿ ನಿಲ್ಲಿಸುವುದು. "ಇಪ್ಪತ್ತಾರು ವರ್ಷ ಕಣ್ಣ ಮುಂದೇ ಇತ್ತು ನೋಡ್ರಿ. ಸಣ್ಣ ಹುಡುಗರ ಟೈ ಅಂತ ನಾನೇ ಅದನ್ನ ಸಣ್ಣದು ಅಂದ್ಕೊಂಡಿದ್ದೆ" ಎನ್ನುವಾಗ ಹೆಲೆನಮ್ಮನಿಗೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ.

ಹೊಲಿದು ಮುಗಿಸಿದ ದಿನ ಟೈಯನ್ನು ಬಿಳಿ ಟವೆಲಿನಲ್ಲಿ ಸುತ್ತಿಕೊಂಡು ಚೌಬಾರಕ್ಕೆ ಹೋದರು. ಉಸ್ಮಾನ ಮಿಯಾಗೆ ಈಗ ಎಂಬತ್ತೈದು, ಕಣ್ಣು ಮಸುಕು. ಟೈಯ ಸಣ್ಣ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಗಾಳಿಯಲ್ಲಿ ಇಳಿಬಿಟ್ಟರು, ಇನ್ನೊಂದು ಕೈಯನ್ನು ಅದರ ಮಗ್ಗುಲಿಗೆ ತಂದು ಕಾದರು. ಬಹಳ ಹೊತ್ತು ಕಾದರು. ಟೈ ಆ ಕೈಗೆ ತಾಗಲಿಲ್ಲ. ಅಗಲದ ತುದಿಯ ಒಳಗೆ ಬೆರಳು ತೂರಿಸಿ ದಾರದ ಕಣ್ಣಿಯನ್ನೂ ಮುಟ್ಟಿ ನೋಡಿ, "ಘೂಮ್ತಾ ನೈ ಬೇಟಿ, ತಿರುಗಂಗಿಲ್ಲ" ಎಂದರು. ಗುರುವಿನ ಆ ಮಾತನ್ನು ಹೆಲೆನಮ್ಮ ನಾಲ್ಕು ಸಲ ಹೇಳಿ ತೋರಿಸಿದ್ದಾರೆ.

ಇಷ್ಟಾದರೂ ಮೋಶೆಗೆ ಬಿಡುಗಡೆಯಿಲ್ಲ. ಕೊನೆಯ ಆಶೀರ್ವಾದ ಮುಗಿದು, ಮೊಣಕಾಲಿನ ಧೂಳು ಕೊಡವಿ ಅವರು ಎದ್ದಾಗ ಏಳೂಕಾಲು. ನವಿಲು ನಟ್ಟನಡುವೆ, ಹೇಗೆ ನಿಂತಿತ್ತೋ ಹಾಗೇ ಇದೆ. ಅವರು ನಾಷ್ಟಾ ಕೇಳುತ್ತಾರೆ, ಸಿಗುತ್ತದೆ. ಹೆಲೆನಮ್ಮನ ಮುಖದ ಚಿಂತೆ ಮಾತ್ರ ಇಳಿದಿಲ್ಲ. "ಇವ್ರ ಕೊರಳಿಗಿ ಹೆದರಿಕಿ ಇಲ್ರಿ. ಮದುಮಗನ ಕೊರಳಿಗಿ ಇರ್ತದ. ಬೆವರ್ತಾನ, ಉಗುಳು ನುಂಗ್ತಾನ. ನಾಳಿ ನೋಡಬೇಕು."

ಮರುದಿನ ಗಂಡಹೆಂಡತಿ ಬಸ್ಸಿನಲ್ಲಿ ಭಾಲ್ಕಿಗೆ ಬರುತ್ತಾರೆ. ಮೇ ತಿಂಗಳ ಬಿಸಿಲು, ಚರ್ಚಿನ ಫ್ಯಾನುಗಳು ಸದ್ದು ಮಾಡುವಷ್ಟು ಗಾಳಿ ಕೊಡುತ್ತಿಲ್ಲ. ಮುಂದೆ ಬನ್ನಿ ಎಂದು ಜಾಯ್ಸ್ ಕರೆದರೂ ಹೆಲೆನಮ್ಮ ಹೋಗದೆ ನಾಲ್ಕನೇ ಬೆಂಚಿನಲ್ಲಿಯೇ ಕೂಡುತ್ತಾರೆ. ಬಿದರಿ ಕಪ್ಪಿನ ಸೂಟು ತೊಟ್ಟ ಅಮಿತಕುಮಾರ ಬಂದು ನಿಲ್ಲುತ್ತಾನೆ. ಕೆನೆಬಣ್ಣದ ಟೈ, ಕಾಲರಿನಷ್ಟೇ ಅಗಲ, ತುದಿ ಬೆಲ್ಟಿನ ಬಕ್ಕಲ್ ಮೇಲೆ, ಅದರ ಮೇಲೊಂದು ಜರಿ ನವಿಲು. ಮೊದಲ ಸಾಲಿನಲ್ಲಿ ಅವನ ತಂದೆ ಆಲ್ವಿನ ಇದ್ದಾರೆ, ತೆರೆದ ಕಾಲರಿನ ಬಿಳಿ ಅಂಗಿಯಲ್ಲಿ. ಮಗ ಬಂದು ನಿಂತ ಕ್ಷಣವೇ ಅವರ ಬಲಗೈ ತಾನಾಗಿ ಮೇಲೇರಿ ಎದೆಯ ಮೇಲೆ ಕೂಡುತ್ತದೆ. ಅಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಆದರೂ ಕೈ ಅಲ್ಲಿಯೇ ಇರುತ್ತದೆ.

ಕೀರ್ತನೆ ಮುಗಿಯುತ್ತದೆ. ನವಿಲು ಅಲುಗುವುದಿಲ್ಲ. ಪ್ರಸಂಗ ಮೋಶೆಯ ಇಪ್ಪತ್ತೈದು ನಿಮಿಷ ದಾಟಿ ನಲವತ್ತಕ್ಕೆ ಹೋಗುತ್ತದೆ. ಮದುಮಗನ ಹಣೆಯಿಂದ ಬೆವರು ಇಳಿಯುತ್ತದೆ, ಅವನು ನಾಲ್ಕಾರು ಸಲ ಉಗುಳು ನುಂಗುತ್ತಾನೆ, ಗಂಟನ್ನು ಒಮ್ಮೆ ಸಡಿಲಿಸಿ ಮತ್ತೆ ಬಿಗಿಯುತ್ತಾನೆ. ಟೈ ಎಳೆದಷ್ಟು ಹಿಗ್ಗಿ, ಬಿಟ್ಟಾಗ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ವಾಗ್ದಾನ ಆಯಿತು, ಎರಡೂ ಕೈಯಿಂದ ಉಂಗುರ ತೊಡಿಸಿದ್ದಾಯಿತು, ಮೊಣಕಾಲೂರಿ ಎದ್ದದ್ದೂ ಆಯಿತು. ನವಿಲು ಜನರನ್ನೇ ನೋಡುತ್ತಿದೆ.

ಫೋಟೋದ ಹೊತ್ತಿಗೆ ಅಮಿತಕುಮಾರ ಒಂದು ಕೈಯಲ್ಲಿ ಮನಿಷಾಳ ಕೈ ಹಿಡಿದು, ಇನ್ನೊಂದನ್ನು ಸಲೀಸಾಗಿ ಕೆಳಗೆ ಬಿಟ್ಟು ನಿಲ್ಲುತ್ತಾನೆ. ಅದನ್ನು ನೋಡುತ್ತ ನಿಂತ ಆಲ್ವಿನ ಅವರ ಕೈ ಆಗ ಎದೆಯಿಂದ ನಿಧಾನಕ್ಕೆ ಕೆಳಗಿಳಿಯುತ್ತದೆ. ಅವರು ಹಿಂದಿರುಗಿ ನಾಲ್ಕನೇ ಬೆಂಚಿನ ಕಡೆ ನೋಡುತ್ತಾರೆ. ಊಟದ ಪಂಕ್ತಿಯ ಹತ್ತಿರ ಹೆಲೆನಮ್ಮನನ್ನು ಹುಡುಕಿಕೊಂಡು ಬಂದು, ಮುಂದಿನ ವರ್ಷ ನಿವೃತ್ತಿಯ ಸಮಾರಂಭವಿದೆ, ತಮಗೂ ಒಂದು ಟೈ ಬೇಕು ಎನ್ನುತ್ತಾರೆ. ಹೆಲೆನಮ್ಮ ಕೈಚೀಲದಿಂದ ಟೇಪು ತೆಗೆದು ಅಲ್ಲಿಯೇ ಅಳತೆ ತೆಗೆದುಕೊಳ್ಳುತ್ತಾರೆ. ಅರವತ್ತೆರಡು ಇಂಚು ಬೇಕಾಗುತ್ತದೆ.

ಬೀದರಿಗೆ ಮರಳುವ ಬಸ್ಸಿನಲ್ಲಿ, ಇನ್ನಾದರೂ ಟೈಗಳ ಹಿಂದೆ ನಿಮ್ಮದೇ ಹೆಸರಿನ ಲೇಬಲ್ ಹಾಕಬಾರದೇ ಎಂದು ಜೊತೆಯಲ್ಲಿರುವ ಪತ್ರಿಕೆಯವರು ಕೇಳುತ್ತಾರೆ. ಮೋಶೆಗೂ ಅದು ಸರಿಯೆನ್ನಿಸಿ ಹೆಂಡತಿಯ ಮುಖ ನೋಡುತ್ತಾರೆ. ಹೆಲೆನಮ್ಮ ಅಳತೆ ಟೇಪನ್ನು ಸುರುಳಿ ಸುತ್ತಿ ಕೈಚೀಲಕ್ಕೆ ಹಾಕುತ್ತಾರೆ.

"ಒಳಗ ಕೆಂಪು ದಾರ ಅದಲ್ರಿ, ಸಾಕು" ಎನ್ನುತ್ತಾರೆ. "ಆಲ್ವಿನ ಸರ್ ಇಪ್ಪತ್ತಾರು ವರ್ಷ ಎದಿ ಮ್ಯಾಲ ಇಟ್ಟ ಕೈ ಇವತ್ತ ಕೆಳಗ ಇಳಿಸಿದ್ರು. ಅದನ್ನ ನಾ ನಾಕನೇ ಬೆಂಚಿನ್ಯಾಗ ಕೂತು ನನ್ನ ಕಣ್ಣಲೇ ನೋಡಿದೆ."